ತೆಗೆದು ಹಾಕು

ನಮ್ಮ ಭಾವನನ್ನು ಬೀದಿಯವರೆಲ್ಲ ಗಾಳಿ ಟೈಲರ್ ಎಂದು ಕರೆಯುತ್ತಿದ್ದರು. ಗಾಳಿಯಲ್ಲಿ ವಿಮಾನ ಬಿಡುವ ಟೈಲರ್ ಎಂದೂ ಆಯಿತು, ಗಾಳಿ ಮೆಟ್ಟಿಕೊಂಡ ಟೈಲರ್ ಎಂದೂ ಆಯಿತು. ಯಾವ ಅರ್ಥದಲ್ಲಿ ಕರೆದರೂ ಅವರು ನಗುತ್ತಲೇ ತಿರುಗಿ ನೋಡುತ್ತಿದ್ದರು. ವಾರವೆಲ್ಲ ಶಾಲೆಯವರ, ಹೋಟೆಲಿನವರ ಯೂನಿಫಾರ್ಮ್ ಹೊಲಿಯುವುದು, ಭಾನುವಾರ ಬಂತೆಂದರೆ ಊರಾಚೆಯ ಬಯಲಿಗೆ ಹೋಗಿ ರಿಮೋಟಿನ ವಿಮಾನ ಹಾರಿಸುವುದು. ತಲೆಗೂದಲು ನೆರೆತ ಗಂಡಸು ಆಕಾಶಕ್ಕೆ ಮುಖ ಮಾಡಿ ಬಾಯಿ ಬಿಟ್ಟುಕೊಂಡು ನಿಲ್ಲುವುದನ್ನು ನೋಡಿದರೆ ನನಗಂತೂ ನಗು ತಡೆಯಲಾಗುತ್ತಿರಲಿಲ್ಲ.

ನಾನು ಅವರ ಹೆಂಡತಿಯ ತಂಗಿ. ಅಂಗಡಿಯಲ್ಲಿ ಓವರ್‌ಲಾಕ್ ಮಷಿನ್ ನನ್ನದು, ಗಿರಾಕಿಗಳ ಜೊತೆ ಜಗಳವೂ ನನ್ನದೇ. ಅಕ್ಕ ಗುಂಡಿ ತೂರಿಸುವ ಕಾಜಾ ಹಾಕುತ್ತಿದ್ದಳು, ಗುಂಡಿ ಹೊಲಿಯುತ್ತಿದ್ದಳು. ಅವಳ ಕಾಜಾ ಎಷ್ಟು ಸಣ್ಣಗೆ, ಎಷ್ಟು ಬಿಗಿಯಾಗಿ ಇರುತ್ತಿತ್ತೆಂದರೆ ಅಂಗಿ ಹರಿದು ಒರೆಸುವ ಬಟ್ಟೆಯಾದ ಮೇಲೂ ಕಾಜಾ ಮಾತ್ರ ಹಾಗೇ ಉಳಿದಿರುತ್ತಿತ್ತು. ಹಾಕುತ್ತಿದ್ದಳು, ಹೊಲಿಯುತ್ತಿದ್ದಳು ಎಂದೇ ಬರೆಯಬೇಕಾಗಿದೆ. ಹಾಗೆ ಬರೆಯುವಾಗಲೆಲ್ಲ ನನಗೆ ಸಿಟ್ಟು ಬರುತ್ತದೆ, ಯಾರ ಮೇಲೆ ಎಂದು ಮಾತ್ರ ಗೊತ್ತಾಗುವುದಿಲ್ಲ.

ನಮ್ಮ ಅಂಗಡಿ ರೈಲು ಡಬ್ಬಿಯ ಹಾಗೆ, ಅಗಲ ಕಡಿಮೆ, ಉದ್ದ ಜಾಸ್ತಿ. ಮುಂದೆ ಕತ್ತರಿಸುವ ಮೇಜು, ಅದರ ಹಿಂದೆ ಮಷಿನ್‌ಗಳು, ಕೊನೆಯಲ್ಲಿ ಮೇಲಿನ ಮನೆಗೆ ಹೋಗುವ ಮರದ ಮೆಟ್ಟಿಲು. ಎಲ್ಲಿ ಕೈ ಇಟ್ಟರೂ ಬಟ್ಟೆ. ಗೋಡೆಗೆ ಒರಗಿಸಿದ ಥಾನುಗಳು, ಕತ್ತರಿಸಿಟ್ಟ ತೋಳುಗಳು, ಕಾಲರಿಗೆ ಹಾಕುವ ಕ್ಯಾನ್ವಾಸು, ಮಷಿನ್ ಕೆಳಗೆ ತುಂಡು ಬಟ್ಟೆ ತುಂಬಿದ ನೈಲಾನ್ ಚೀಲ. ಮೇಲಿನ ಕಿಟಕಿಗಳಿಗೆ ಕಳ್ಳರ ಭಯಕ್ಕೆ ಸರಳು ಹಾಕಿಸಿದ್ದರು. ಮೇಲೆ ಇದ್ದವರು ಆಚೆ ಬರಬೇಕೆಂದರೆ ಅಷ್ಟೂ ಬಟ್ಟೆಯ ನಡುವೆಯೇ ಬರಬೇಕು. ಅದನ್ನು ನಾವು ಯಾರೂ ಯಾವತ್ತೂ ಒಂದು ಮಾತಾಗಿ ಆಡಿರಲಿಲ್ಲ.

ವಿಮಾನಗಳು ಸೂರಿನಿಂದ ತೂಗುತ್ತಿದ್ದವು. ಅವನ್ನು ನಡೆಸುವುದು ಎರಡು ಕಡ್ಡಿ ಎದ್ದುನಿಂತ ಒಂದು ಪೆಟ್ಟಿಗೆ. ಅದಕ್ಕೆ ಟ್ರಾನ್ಸ್‌ಮಿಟರ್ ಎನ್ನಬೇಕಂತೆ. ನಮ್ಮ ಮನೆಯಲ್ಲಿ ಅದು ಬರೀ ಪೆಟ್ಟಿಗೆ. ಪೆಟ್ಟಿಗೆಯೊಳಗಿನ ಬ್ಯಾಟರಿಗೆ ಜೀವ ಇರುವಷ್ಟು ಹೊತ್ತು ವಿಮಾನ ಹೇಳಿದ ಮಾತು ಕೇಳುತ್ತದೆ. ಆಮೇಲೆ ಯಾರ ತಲೆಯ ಮೇಲೆ ಬೇಕಾದರೂ ಬೀಳಬಹುದು. ಹಾಗಾಗಿ ಶನಿವಾರ ಸಾಯಂಕಾಲ ಅದಕ್ಕೆ ತಪ್ಪದೆ ಚಾರ್ಜ್ ಮಾಡಬೇಕು.

ಮೊದಮೊದಲು ಅದೊಂದು ಕೆಲಸವೇ ಆಗಿರಲಿಲ್ಲ. ಪೆಟ್ಟಿಗೆಯ ಪಕ್ಕದಲ್ಲೊಂದು ತೂತು, ಅದಕ್ಕೆ ಚಾರ್ಜರಿನ ಪಿನ್ ಚುಚ್ಚಿ ಮರೆತುಬಿಟ್ಟರೆ ಬೆಳಿಗ್ಗೆ ಹೊತ್ತಿಗೆ ತುಂಬಿರುತ್ತಿತ್ತು. ಆಗಿನ ಬ್ಯಾಟರಿ ದಪ್ಪ ಚರ್ಮದ್ದು, ಸ್ವಲ್ಪ ಹೆಚ್ಚು ಹೊತ್ತು ಬಿಟ್ಟರೂ ಬೆಚ್ಚಗಾಗಿ ಸುಮ್ಮನಿರುತ್ತಿತ್ತು. ಒಂದು ಸಲ ಭಾವ ಅವಸರಕ್ಕೆಂದು ಗೆಳೆಯನೊಬ್ಬನ ಚಾರ್ಜರ್ ತಂದರು. ಪಿನ್ ಸರಿಯಾಗಿಯೇ ಕೂತಿತು. ಆದರೆ ಆ ಚಾರ್ಜರಿನಲ್ಲಿ ಪ್ಲಸ್ಸು ಮೈನಸ್ಸು ತಿರುವುಮುರುವು. ಟಪ್ ಎಂದು ಸದ್ದಾಯಿತು, ಕಡ್ಡಿಯ ಬುಡದಿಂದ ಹೊಗೆ ಎದ್ದಿತು, ಪೆಟ್ಟಿಗೆಯ ಹೊಟ್ಟೆಯೊಳಗಿನ ತಾಮ್ರದ ಗೆರೆಯೊಂದು ಸುಟ್ಟುಹೋಯಿತು. ರಿಪೇರಿ ಮಾಡಿಸಿಕೊಂಡು ಬಂದ ದಿನವೇ ಭಾವ ಕಟ್ಟಪ್ಪಣೆ ಮಾಡಿದರು.

"ಇನ್ನು ಮೇಲೆ ಪೆಟ್ಟಿಗೆ ಒಳಗೇ ಇಟ್ಟು ಯಾರೂ ಚಾರ್ಜ್ ಮಾಡೋ ಹಾಗಿಲ್ಲ. ಮೊದಲು ಬ್ಯಾಟರಿ ಆಚೆ ತೆಗೀಬೇಕು. ಆಮೇಲೆ ಅದರದ್ದೇ ಚಾರ್ಜರಿಗೆ ಹಾಕಬೇಕು. ತೆಗೆದು, ಹಾಕು. ತಿಳೀತಾ?"

ತಿಳಿಯಿತು. ಅಂದಿನಿಂದ ಶನಿವಾರ ಸಾಯಂಕಾಲ ಭಾವ ಮೇಜಿನಿಂದ ತಲೆ ಎತ್ತದೆ "ಲೇ, ತೆಗೆದು ಹಾಕು" ಅನ್ನುವುದು, ಅಕ್ಕ ಸೂಜಿಯನ್ನು ಸೆರಗಿಗೆ ಚುಚ್ಚಿಕೊಂಡು ಏಳುವುದು. ಹೊಸದಾಗಿ ಸೇರಿದ್ದ ಇಸ್ತ್ರಿಯವನು ಇದನ್ನು ಮೊದಲ ಸಲ ಕೇಳಿದಾಗ ಮುಖ ಸಣ್ಣಗೆ ಮಾಡಿಕೊಂಡು ಊಟದ ಡಬ್ಬಿ ಚೀಲಕ್ಕೆ ತುಂಬತೊಡಗಿದ.

"ಯಾಕೋ, ಎಲ್ಲಿಗೆ ಹೊರಟೆ?" ಎಂದೆ.

"ತೆಗೆದುಹಾಕು ಅಂದ್ರಲ್ಲಕ್ಕಾ ಯಜಮಾನ್ರು. ನಾನೇನು ತಪ್ಪು ಮಾಡಿದೆ ಅಂತ ಹೇಳಿ ತೆಗೆದುಹಾಕಿದ್ರೆ ಚೆನ್ನಾಗಿರೋದು."

ಅವತ್ತು ನಾವು ಹೊಟ್ಟೆ ಹುಣ್ಣಾಗುವಷ್ಟು ನಕ್ಕೆವು. ಬರೆಯುವಾಗ ನಡುವೆ ಒಂದಿಷ್ಟು ಜಾಗ ಬಿಟ್ಟರೆ ಒಂದು ಅರ್ಥ, ಬಿಡದಿದ್ದರೆ ಇನ್ನೊಂದು. ಬಾಯಲ್ಲಿ ಆಡುವಾಗ ಆ ಜಾಗ ಎಲ್ಲಿಂದ ಬರಬೇಕು? ನಮಗೆ ಮಾತ್ರ ಆ ಮಾತಿಗೆ ಇದ್ದದ್ದು ಒಂದೇ ಅರ್ಥ. ಬೇರೆ ಅರ್ಥವೊಂದಿದೆ ಎನ್ನುವುದೇ ನಮ್ಮ ಅಂಗಡಿಯಲ್ಲಿ ತಮಾಷೆಯಾಗಿಬಿಟ್ಟಿತು.

ಹಳೆಯ ಬ್ಯಾಟರಿ ಸತ್ತ ಮೇಲೆ ಬಯಲಿನ ಗೆಳೆಯರು ಹೊಸ ಬಗೆಯದೊಂದನ್ನು ಕೊಡಿಸಿದರು. ಅದು ಚಪ್ಪಟೆ, ಹಗುರ, ಬೆಳ್ಳಿ ಬಣ್ಣ, ಮೇಲೆ ತೆಳ್ಳನೆಯ ಪ್ಲಾಸ್ಟಿಕ್. ಅರ್ಧ ತೂಕ, ಎರಡರಷ್ಟು ಶಕ್ತಿ. ಭಾವ ಅದನ್ನು ಮನೆಗೆ ತಂದಾಗ ಮುಖದಲ್ಲಿ ಖುಷಿಯ ಜೊತೆ ಇನ್ನೇನೋ ಇತ್ತು. ಅದಕ್ಕೆಂದೇ ಬೇರೆ ಚಾರ್ಜರ್ ತಂದಿದ್ದರು. ಅಗಲ ಬಾಯಿಯ ಮಣ್ಣಿನ ಕುಂಡವೊಂದನ್ನು ತಂದು, ಒಣ ಮರಳು ತುಂಬಿ, ಹಿಂದಿನ ಮೂಲೆಯಲ್ಲಿ ಸ್ವಿಚ್‌ಬೋರ್ಡಿನ ಕೆಳಗೆ ಇಟ್ಟರು. ಪಕ್ಕದಲ್ಲಿ ಇನ್ನೊಂದು ಬಕೆಟ್ ಮರಳು. ಆಮೇಲೆ ಅಕ್ಕನನ್ನು ಎದುರಿಗೆ ಕೂರಿಸಿಕೊಂಡು ಪಾಠ ಶುರು ಮಾಡಿದರು.

"ಇದು ಹಳೇದರ ಹಾಗಲ್ಲ ಕಣೇ. ಇದಕ್ಕೆ ಸಿಟ್ಟು ಬಂದ್ರೆ ಹೇಳಿ ಕೇಳಿ ಬರಲ್ಲ. ಮರಳಿನ ಮೇಲೇ ಇಡಬೇಕು, ಹತ್ತಿರ ಬಟ್ಟೆ ಇರಬಾರದು, ಚಾರ್ಜ್ ಆಗೋವರೆಗೂ ಪಕ್ಕದಲ್ಲೇ ಕೂತಿರಬೇಕು. ಎದ್ದು ಹೋಗೋ ಹಾಗಿಲ್ಲ. ಹೊಗೆ ಕಾಣಿಸ್ತೋ, ಮೊದಲು ಪ್ಲಗ್ ಕೀಳು, ಆಮೇಲೆ ಮರಳು ಸುರಿ, ಆಮೇಲೆ ಓಡು."

"ಭಾವ, ಇಷ್ಟು ಹೆದರಿಕೆ ಇರೋದನ್ನ ಈ ಬಟ್ಟೆ ರಾಶಿ ಮಧ್ಯೆ ಯಾಕೆ ತಂದ್ರಿ?" ಎಂದೆ. ಅವರು ಕಿವಿ ಮೇಲೆ ಹಾಕಿಕೊಳ್ಳಲಿಲ್ಲ. ಅಕ್ಕ ಮಾತ್ರ ಪಾಠವನ್ನು ಒಂದಕ್ಷರವೂ ಬಿಡದೆ ಕಲಿತಳು. ಬ್ಯಾಟರಿಯನ್ನು ಮಗುವನ್ನು ಮಲಗಿಸಿದ ಹಾಗೆ ಮರಳಿನ ಮೇಲೆ ಮಲಗಿಸಿ, ತಾನು ಮಣೆ ಎಳೆದುಕೊಂಡು ಕುಂಡದ ಪಕ್ಕದಲ್ಲೇ ಕೂತು ಕಾಜಾ ಹಾಕುತ್ತಿದ್ದಳು. "ನಿನ್ನ ಸವತಿ ಕಣೇ ಅದು" ಎಂದು ರೇಗಿಸಿದರೆ, "ಆಗಲಿ ಬಿಡೇ, ಸವತಿ ಅಂತ ಉಪವಾಸ ಕೆಡವೋಕಾಗತ್ತಾ?" ಅನ್ನುತ್ತಿದ್ದಳು.

ಹೀಗೆ ವರ್ಷಗಳೇ ಕಳೆದವು, ಏನೂ ಆಗಲಿಲ್ಲ. ಏನೂ ಆಗದೆ ಇದ್ದದ್ದೇ ನಮಗೆ ಧೈರ್ಯ ಕೊಟ್ಟಿತು.

ಒಂದು ಭಾನುವಾರ ಬಯಲಿನಿಂದ ವಾಪಸು ಬರುವಾಗ ಪೆಟ್ಟಿಗೆ ಸ್ಕೂಟರಿನಿಂದ ಜಾರಿ ರಸ್ತೆಗೆ ಬಿತ್ತು. ಭಾವ ಅದನ್ನು ಎದೆಗವಚಿಕೊಂಡು ಬಂದು, ಕಡ್ಡಿ ಅಲ್ಲಾಡಿಸಿ, ಸ್ವಿಚ್ ಹಾಕಿ ನೋಡಿದರು. ದೀಪ ಬಂತು. "ಗಟ್ಟಿ ಪಿಂಡ" ಎಂದು ಶೆಲ್ಫಿನ ಮೇಲಿಟ್ಟರು. ಬೆನ್ನ ಹಿಂದಿನ ಮುಚ್ಚಳ ತೆರೆದು ಒಳಗೆ ನೋಡಲಿಲ್ಲ.

ಎರಡು ದಿನ ಬಿಟ್ಟು ಆ ಮುಚ್ಚಳ ನೂಲಿನಷ್ಟು ಮೇಲೆದ್ದಿತು. ಇನ್ನೊಂದೆರಡು ದಿನಕ್ಕೆ ಉಗುರು ತೂರುವಷ್ಟಾಯಿತು. ಹೊಲಿಗೆ ಒಂದೆಳೆ ಆಚೀಚೆ ಆದರೂ ಬಿಚ್ಚಿಸುವ ಮನುಷ್ಯ, ಬಿದ್ದದ್ದಕ್ಕೆ ಮುಚ್ಚಳದ ಕೊಕ್ಕೆ ಬಾಗಿದೆ ಎಂದುಕೊಂಡು ಮೇಲೊಂದು ಟೇಪು ಅಂಟಿಸಿದರು. ಬೆಳಿಗ್ಗೆ ನೋಡಿದರೆ ಟೇಪು ಒಂದು ಕಡೆ ಬಿಟ್ಟುಕೊಂಡಿತ್ತು. ಅದೇ ವಾರ ಶೆಲ್ಫಿನ ಹತ್ತಿರ ಸಿಹಿಸಿಹಿಯಾದ, ಉಗುರುಬಣ್ಣದ್ದೋ ಕೊಳೆತ ಹಣ್ಣಿನದೋ ಅನ್ನುವಂಥ ವಾಸನೆ. ಅಳತೆ ಕೊಡಲು ಬಂದ ಹುಡುಗಿಯರ ಮೇಲೆ ಅದನ್ನು ಹಾಕಿ ನಾನು ಗೊಣಗಿದೆ.

ಶನಿವಾರ ಮಧ್ಯಾಹ್ನ ಹೋಟೆಲಿನವರ ಯೂನಿಫಾರ್ಮ್ ಕೊಟ್ಟು ಬರಲು ಭಾವ ಹೊರಟರು. ಗಂಟು ದೊಡ್ಡದಿತ್ತು, ಹಿಂದೆ ಕೂತು ಹಿಡಿದುಕೊಳ್ಳಲು ನಾನೂ ಹತ್ತಿದೆ. ಇಸ್ತ್ರಿಯವನಿಗೆ ಅವತ್ತು ರಜೆ, ಅಂಗಡಿಯಲ್ಲಿ ಅಕ್ಕ ಒಬ್ಬಳೇ. ದಾರಿಯಲ್ಲಿ ವಿಮಾನದ ಬಿಡಿಭಾಗ ಮಾರುವ ಅಂಗಡಿ ಸಿಗುತ್ತದೆ. ಕೊಕ್ಕೆ ಕೇಳೋಣ ಎಂದು ಭಾವ ಗಾಡಿ ನಿಲ್ಲಿಸಿದರು.

"ಪೆಟ್ಟಿಗೆ ಹಿಂದಿನ ಮುಚ್ಚಳ ಕೂರ್ತಾನೇ ಇಲ್ಲ. ಟೇಪು ಹಾಕಿದ್ರೂ ಏಳತ್ತೆ," ಎಂದರು.

ಅಂಗಡಿಯವರು ಕೈಯಲ್ಲಿದ್ದ ಚಹಾ ಲೋಟ ಕೆಳಗಿಟ್ಟರು. "ಬಿದ್ದಿತ್ತಾ ಟೈಲರೇ?"

"ಬಿದ್ದಿತ್ತು."

"ಸಿಹಿ ವಾಸನೆ ಏನಾದ್ರೂ ಬರ್ತಿದೆಯಾ?"

ಭಾವ ಗೊತ್ತಿಲ್ಲ ಎನ್ನುವಷ್ಟರಲ್ಲಿ "ಬರ್ತಿದೆ" ಎಂದೆ ನಾನು.

"ಮುಚ್ಚಳದ ತಪ್ಪಲ್ಲ ಸ್ವಾಮಿ ಅದು. ಒಳಗೆ ಬ್ಯಾಟರಿ ಊದಿಕೊಂಡಿದೆ. ಪೆಟ್ಟು ಬಿದ್ದು ಒಳಗೇ ಕೆಟ್ಟಿದೆ. ಸುಮ್ಮನೆ ಇಟ್ಟಿದ್ದರೆ ಇನ್ನೂ ನಾಲ್ಕು ದಿನ ಇರಬಹುದು. ಇನ್ನೊಂದು ಸಲ ಚಾರ್ಜಿಗೆ ಹಾಕಿದ್ರೋ, ಮುಗೀತು. ಯಾರಿದಾರೆ ಮನೇಲಿ? ಪೆಟ್ಟಿಗೆಯಿಂದ ತೆಗೆಸಿ ಮರಳಲ್ಲಿ ಇಡಿಸಿ. ನೀವು ಹೋಗಿ ಬಯಲಿಗೆ ಸಾಗಿಸಿ."

ಭಾವನ ಮುಖ ಬಿಳಿಚಿಕೊಂಡಿತು. ಜೇಬಿನಿಂದ ಫೋನ್ ತೆಗೆದರು. ಆದರೂ ಅಕ್ಕ ಫೋನ್ ಎತ್ತುವಷ್ಟರಲ್ಲಿ ದನಿಯನ್ನು ಎಂದಿನಂತೆ ಮಾಡಿಕೊಂಡರು. ಹೆಂಡತಿ ಒಬ್ಬಳೇ ಇದ್ದಾಳೆ, ಹೆದರಿಸಬಾರದು ಎನ್ನುವುದು ಅವರ ಮನಸ್ಸು. ಅಂಗಡಿಯ ಮುಂದೆ ಬಸ್ಸುಗಳ ಗದ್ದಲ, ಅದಕ್ಕೇ ಸ್ಪೀಕರ್ ಹಾಕಿದರು.

"ಲೇ, ಆ ಪೆಟ್ಟಿಗೆ ಬ್ಯಾಟರಿ ತೆಗೆದುಹಾಕು."

"ಈಗಲೇನಾ? ಸಾಯಂಕಾಲ ಅಲ್ವೇನ್ರೀ?"

"ಈಗಲೇ. ನಾನು ಬರೋವರೆಗೂ ಕಾಯಬೇಡ."

"ಆಯ್ತು ಬಿಡಿ. ಕಾಲರ್ ಒಂದು ಮುಗಿಸಿ..."

"ಕಾಲರ್ ಆಮೇಲೆ. ಮರಳಿನ ಮೇಲೇ ಇಡು ಮತ್ತೆ. ಹತ್ತಿರ ಬಟ್ಟೆ ಇರಬಾರದು."

"ಅಷ್ಟೂ ಗೊತ್ತಿಲ್ವಾ ನಂಗೆ? ವಾರವಾರ ಮಾಡೋಳಿಗೆ ಪಾಠ ಹೇಳ್ತೀರಲ್ಲ," ಎಂದು ಅಕ್ಕ ನಕ್ಕಳು.

ನಾವು ಅಲ್ಲೇ ನಿಂತೆವು. ಅಂಗಡಿಯವರು ತರಿಸಿದ ಚಹಾ ಆರುತ್ತಿತ್ತು. ಸ್ವಲ್ಪ ಹೊತ್ತಿಗೆ ಅಕ್ಕನ ಫೋನ್ ಬಂತು. "ಆಯ್ತು ಕಣ್ರೀ, ತೆಗೆದು ಹಾಕಿದೀನಿ. ಅಬ್ಬಾ, ಆಚೆ ಬರೋಕೆ ಏನು ಹಟ ಅದಕ್ಕೆ! ಸ್ಕ್ರೂಡ್ರೈವರ್ ಹಾಕಿ ಮೀಟಬೇಕಾಯ್ತು."

"ಮರಳಿನ ಮೇಲಿದೆ ತಾನೆ?"

"ಇದೆ ಇದೆ. ನೀವು ನಿಧಾನಕ್ಕೆ ಬನ್ನಿ."

ಭಾವ ಫೋನ್ ಜೇಬಿಗೆ ಹಾಕಿ, ಆರಿದ ಚಹಾವನ್ನು ಒಂದೇ ಗುಟುಕಿಗೆ ಕುಡಿದರು. ಬದುಕಿದೆಯಾ ಬಡಜೀವವೇ ಅಂದುಕೊಂಡೆ ನಾನು. ಅಲ್ಲಿಂದ ಹೋಟೆಲಿಗೆ ಹೋಗುವ ದಾರಿಯುದ್ದಕ್ಕೂ ಅವರು ಮಾತಾಡಿದರು, ಇನ್ನು ಮೇಲೆ ಇಂಥ ಬ್ಯಾಟರಿಯ ಸಹವಾಸವೇ ಬೇಡ, ಹಳೆಯ ದಪ್ಪ ಚರ್ಮದ್ದನ್ನೇ ಹಾಕಿಕೊಳ್ಳುತ್ತೇನೆ ಎಂದರು. ನಾನು ಗಂಟಿನ ಹಿಂದಿನಿಂದ ಹೂಂಗುಟ್ಟಿದೆ.

ಹೋಟೆಲಿನ ಉಗ್ರಾಣದಲ್ಲಿ ಬಟ್ಟೆ ನೋಡಿಕೊಳ್ಳುವ ಹೆಂಗಸು ನಮ್ಮ ಗಂಟು ಬಿಚ್ಚಿ ಒಂದೊಂದೇ ಅಂಗಿ ಎತ್ತಿ ನೋಡಿದಳು. ಕಾಜಾ ಮೇಲೆ ಬೆರಳಾಡಿಸಿ ಮೆಚ್ಚಿಕೊಂಡಳು. ಆಮೇಲೆ ಕಪಾಟಿನ ಹತ್ತಿರ ನಿಂತಿದ್ದ ಕೆಲಸದವನಿಗೆ ಹೇಳಿದಳು: "ಒಳಗಿರೋ ಹಳೇದೆಲ್ಲ ತೆಗೆದುಹಾಕಪ್ಪ."

ಅವನು ಕೈಯಲ್ಲಿದ್ದುದನ್ನು ಕೆಳಗಿಟ್ಟು ಕೇಳಿದ: "ತೆಗೆದು ಎಲ್ಲಿಗೆ ಹಾಕ್ಲಿ? ಒಗೆಯೋಕಾ?"

"ಒಗೆಯೋಕಲ್ವೋ, ಬಿಸಾಕೋಕೆ!"

ಭಾವ ಲೆಕ್ಕ ಹಾಕುತ್ತಿದ್ದ ಅಂಗಿ ಅವರ ಕೈಯಿಂದ ಜಾರಿತು. ನನ್ನ ಕಡೆ ತಿರುಗಿದರು. ಆ ಕ್ಷಣದಲ್ಲೇ ನನಗೂ ಹೊಳೆಯಿತು. ಸಾಯಂಕಾಲ ಅಲ್ವೇನ್ರೀ ಎಂದಿದ್ದಳು ಅಕ್ಕ. ವಾರವಾರ ಮಾಡೋಳಿಗೆ ಪಾಠ ಹೇಳ್ತೀರಲ್ಲ ಎಂದಿದ್ದಳು. ಬಿಸಾಕುವ ವಸ್ತುವಿಗೆ ಯಾರಾದರೂ ಸಾಯಂಕಾಲ ಎಂದು ಹೊತ್ತು ಕೇಳುತ್ತಾರೆಯೇ?

ಫೋನ್ ಮಾಡಿದರು. ರಿಂಗಾಗಿ ರಿಂಗಾಗಿ ನಿಂತಿತು. ಮತ್ತೆ ಮಾಡಿದರು. ನಾನೂ ಮಾಡಿದೆ. ಕೊಟ್ಟ ಬಟ್ಟೆಗೆ ಸಹಿಯನ್ನೂ ತೆಗೆದುಕೊಳ್ಳದೆ ಓಡಿಬಂದು ಸ್ಕೂಟರ್ ಹತ್ತಿದೆವು. ಭಾವ ಹೇಗೆ ಗಾಡಿ ಓಡಿಸಿದರೋ, ಎಷ್ಟು ಜನರ ಬೈಗುಳ ತಿಂದರೋ ನನಗೆ ಗೊತ್ತಿಲ್ಲ. ಅವರ ಬೆನ್ನು ನನ್ನ ಮುಖಕ್ಕೆ ತಾಗುತ್ತಿತ್ತು, ಅಂಗಿ ಬೆವರಿನಲ್ಲಿ ತೊಯ್ದುಹೋಗಿತ್ತು. "ಮೇಲೆ ಹೋಗಿರಲಿ, ಮೇಲೆ ಹೋಗಿ ಮಲಗಿರಲಿ" ಎಂದು ಗೊಣಗಿದರು. ಮರುಕ್ಷಣವೇ "ಅಯ್ಯೋ ಬೇಡ, ಮೇಲೆ ಹೋಗಿರೋದು ಬೇಡ" ಎಂದರು. ಮೇಲೆ ಹೋದವಳು ಇಳಿದುಬರುವ ದಾರಿ ಯಾವುದೆಂದು ಅವರಿಗೆ ಆಗ ನೆನಪಾಗಿರಬೇಕು.

ಅವಳು ಮೇಲೆ ಹೋಗಿರಲಿಲ್ಲ. ಹೇಗೆ ಹೋದಾಳು? ಚಾರ್ಜ್ ಆಗುವವರೆಗೂ ಪಕ್ಕದಲ್ಲೇ ಕೂತಿರಬೇಕು, ಎದ್ದು ಹೋಗುವ ಹಾಗಿಲ್ಲ.

ಬೀದಿಯ ತಿರುವಿನಲ್ಲೇ ಸುಟ್ಟ ನೈಲಾನಿನ ವಾಸನೆ ಬಡಿಯಿತು. ಅಂಗಡಿಯ ಮುಂದೆ ಜನ, ರಸ್ತೆಯ ಮೇಲೆ ಕಪ್ಪು ನೀರು. ಎದುರಿನ ಬೀಗ ರಿಪೇರಿಯವನು ಇನ್ನೂ ಬಕೆಟ್ ಹಿಡಿದುಕೊಂಡೇ ನಿಂತಿದ್ದ. ಅಕ್ಕ ಅವನ ಅಂಗಡಿಯ ಮೆಟ್ಟಿಲ ಮೇಲೆ ಕೂತಿದ್ದಳು, ಬಲಗೈಗೆ ಒದ್ದೆ ಬಟ್ಟೆ ಸುತ್ತಿತ್ತು, ಹುಬ್ಬು ಇರಲಿಲ್ಲ. ಕೆಮ್ಮುತ್ತಿದ್ದಳು, ಕೆಮ್ಮಿನ ನಡುವೆ ಭಾವನನ್ನು ನೋಡಿ ನಗಲು ನೋಡಿದಳು.

ನಡೆದದ್ದನ್ನು ಬೀಗದವನು ಹೇಳಿದ, ಅರ್ಧ ತಾನು ಕಂಡದ್ದು, ಅರ್ಧ ಅಕ್ಕನ ಬಾಯಿಂದ ಕೇಳಿದ್ದು. ಅಕ್ಕ ಕುಂಡದ ಪಕ್ಕದಲ್ಲಿ ಮಣೆ ಹಾಕಿಕೊಂಡು ಕಾಲರ್ ಮುಗಿಸುತ್ತಿದ್ದಳಂತೆ. ಬುಸ್ ಎಂದು ಸದ್ದಾಗಿ ಬ್ಯಾಟರಿಯಿಂದ ಬಿಳಿ ಹೊಗೆ ಎದ್ದಿತು, ಹಿಂದೆಯೇ ಬೆಂಕಿ ಚಿಮ್ಮಿತು. ಅವಳು ಕಿರುಚಲಿಲ್ಲ. ಮೊದಲು ಪ್ಲಗ್ ಕಿತ್ತಳು. ಆಮೇಲೆ ಮರಳು ಸುರಿದಳು. ಓಡುವುದು ಮೂರನೆಯದು. ಆದರೆ ಅಷ್ಟರಲ್ಲಿ ಕಿಡಿಯೊಂದು ಮಷಿನ್ ಕೆಳಗಿನ ಚೀಲಕ್ಕೆ ಹಾರಿತ್ತು. ಅದರ ಬೆಂಕಿ ಹಬ್ಬಿದ್ದರೆ ಅಂಗಡಿ, ಮನೆ, ಅಕ್ಕಪಕ್ಕ ಯಾವುದೂ ಉಳಿಯುತ್ತಿರಲಿಲ್ಲ. ಉರಿಯುವ ಚೀಲವನ್ನು ಬರಿಗೈಯಲ್ಲಿ ಹಿಡಿದು ಬೀದಿಯವರೆಗೂ ಎಳೆದು ತಂದಳು. ಚೀಲ ಕರಗಿ ಅವಳ ಬೆರಳುಗಳಿಗೆ ಅಂಟಿಕೊಂಡಿತು.

ಆಸ್ಪತ್ರೆಯಲ್ಲಿ ಬ್ಯಾಂಡೇಜು ಸುತ್ತಿ ಮಲಗಿಸಿದ ಮೇಲೆ ಅಕ್ಕ ಹರಿದ ದನಿಯಲ್ಲಿ ಕೇಳಿದಳು: "ರೀ, ನೀವು ಹೇಳಿದ ಹಾಗೇ ಮಾಡಿದೆ. ತೆಗೆದೆ, ಹಾಕಿದೆ, ಪಕ್ಕದಲ್ಲೇ ಕೂತಿದ್ದೆ. ಆದ್ರೂ ಹೀಗಾಯ್ತಲ್ಲ. ಏನಾದ್ರೂ ತಪ್ಪು ಮಾಡಿದ್ನಾ?"

ನಾನು ಬಾಯಿ ತೆರೆದೆ. ಭಾವ ನನ್ನತ್ತ ಒಂದು ಸಲ ನೋಡಿದರು. ಅಂಥ ಬೇಡಿಕೊಳ್ಳುವ ಕಣ್ಣನ್ನು ನಾನು ಇನ್ನೊಮ್ಮೆ ನೋಡಲಾರೆ. ಬಾಯಿ ಮುಚ್ಚಿದೆ.

"ಇಲ್ಲ ಕಣೇ. ಎಲ್ಲಾ ಸರಿಯಾಗೇ ಮಾಡಿದೆ," ಎಂದರು ಭಾವ.

ಅಂಗಡಿಗೆ ಸುಣ್ಣ ಹೊಡೆಸಿದ್ದಾಯಿತು, ಮೇಲಿನ ಕಿಟಕಿಯ ಸರಳು ಕೊಯ್ಯಿಸಿ ಹಿಂದಿನಿಂದ ಮೆಟ್ಟಿಲು ಕಟ್ಟಿಸಿದ್ದಾಯಿತು. ಕಾಜಾಕ್ಕೆ ಈಗ ಮಷಿನ್ ಬಂದಿದೆ. ಅಕ್ಕನ ಬಲಗೈಯ ಮೂರು ಬೆರಳು ಕೂಡಿಕೊಂಡಿವೆ, ಸೂಜಿ ನಿಲ್ಲುವುದಿಲ್ಲ. ಆದರೆ ಅವಳು ಕೊರಗುತ್ತಾ ಕೂತವಳಲ್ಲ. ನೋಡಲು ಬಂದವರಿಗೆಲ್ಲ ಕಥೆ ಹೇಳುತ್ತಾಳೆ. ಫೋನ್ ಬಂದದ್ದು, ತಾನು ತೆಗೆದು ಹಾಕಿದ್ದು, ಹೊಗೆ ಕಂಡ ತಕ್ಷಣ ಪ್ಲಗ್ ಕಿತ್ತದ್ದು, ಎಲ್ಲ ಬಿಡದೆ ಹೇಳಿ ಕೊನೆಗೆ ಹೆಮ್ಮೆಯಿಂದ ಗಂಡನ ಕಡೆ ತಿರುಗುತ್ತಾಳೆ. "ಅಲ್ವೇನ್ರೀ?" ಪ್ರತಿ ಸಲವೂ ಭಾವ "ಹೂಂ" ಅನ್ನುತ್ತಾರೆ. ಕತ್ತರಿ ಹಿಡಿದ ಕೈ ಅಲ್ಲೇ ನಿಂತಿರುತ್ತದೆ, ಕಥೆ ಮುಗಿದು ಬಂದವರು ಹೋಗುವವರೆಗೂ ಮುಂದೆ ಸರಿಯುವುದಿಲ್ಲ. ಅವರು ಬಯಲಿನ ಕಡೆ ಮತ್ತೆ ಹೋಗಿಲ್ಲ. ಗಾಳಿ ಟೈಲರ್ ಎಂದು ಯಾರಾದರೂ ಕೂಗಿದರೆ ತಿರುಗಿ ನೋಡುವುದನ್ನೂ ಬಿಟ್ಟಿದ್ದಾರೆ.

ಖಾಲಿ ಪೆಟ್ಟಿಗೆ ಇನ್ನೂ ಶೆಲ್ಫಿನ ಮೇಲಿದೆ. ಅದರ ಮುಚ್ಚಳ ಈಗ ಸರಿಯಾಗಿ ಕೂರುತ್ತದೆ. ಮೊನ್ನೆ ಶನಿವಾರ ಸಾಯಂಕಾಲ ಅಕ್ಕ ಅದರ ಧೂಳು ಒರೆಸಿ, ಎಡಗೈಯಲ್ಲಿ ಎತ್ತಿ ತಂದು ಮೇಜಿನ ಮೇಲೆ ಭಾವನ ಎದುರಿಗಿಟ್ಟಳು.

"ಎಷ್ಟು ದಿನ ಅಂತ ಹೀಗೆ ಮುಖ ಜೋಲು ಹಾಕ್ಕೊಂಡು ಕೂರ್ತೀರಿ? ಒಂದು ಹೊಸ ಬ್ಯಾಟರಿ ತಗೊಂಡು ಬನ್ನಿ. ನಾನಿದೀನಲ್ಲ, ಒಂದೇ ಕೈ ಸಾಕು," ಎಂದಳು. "ತೆಗೆದು ಹಾಕೋದು ತಾನೆ?"

ಭಾವ ಕತ್ತರಿ ಕೆಳಗಿಟ್ಟು, ಅವಳ ಮುಖ ನೋಡದೆ, ಅಂಗಡಿಯಿಂದ ಎದ್ದು ಹೋಗಿ ಬೀದಿಯಲ್ಲಿ ನಿಂತರು.